ಗೃಹಪ್ರೇತವೂ ಕನ್ನಡ ಚಿತ್ರಪಟವೂ

ಭರತಮುನಿಯು ಭಯಾನಕರಸದ ವಿಭಾವಗಳನ್ನು ಹೇಳುವಾಗ ವಿಕಾರವಾದ ಧ್ವನಿ, ಪಿಶಾಚದರ್ಶನ, ನರಿ ಗೂಗೆಗಳ ಕೂಗು ಇವುಗಳೊಡನೆ ಶೂನ್ಯಗೃಹವನ್ನೂ ಎಣಿಸಿರುವನು. ಜನರಿಲ್ಲದ ಮನೆಯು ಅಂಜಿಕೆಯನ್ನು ಹುಟ್ಟಿಸುವದೆಂಬುದು ಆದುದರಿಂದ ಹೊಸ ಮಾತಲ್ಲ. ಆದರೆ ಒಲೆ ಉರಿಯುತ್ತಿರುವ, ತೊಟ್ಟಿಲು ತೂಗುತ್ತಿರುವ, ರಾತ್ರಿ ಕದವಿಕ್ಕಿ ನಿಶ್ಚಿಂತೆಯಿಂದ ಮಲಗುವ ಮನೆಯೇ ಅಂಜಿಕೆಯ ತವರಾದರೆ ಹೇಗೆ? ಚಿಕ್ಕ ಬಂಡವಾಳದ ದೆವ್ವದ ಚಿತ್ರಪಟಗಳು ಹಿಡಿದಿರುವ ದಾರಿಯು ಇದೇ. ಅರಮನೆಯನ್ನು ಕಟ್ಟಿ ತೋರಿಸಲು ಹಣ ಬೇಕು. ಮಲಗುವ ಕೋಣೆಗೆ ಬೇಡ.

2016ರಲ್ಲಿ ಲೋಹಿತ್ ಎಂಬ ತರುಣ ದಿಗ್ದರ್ಶಕರು ಹೊರತಂದ ‘ಮಮ್ಮಿ ಸೇವ್ ಮಿ’ ಈ ಜಾತಿಯ ಕನ್ನಡ ಚಿತ್ರಗಳಲ್ಲಿ ಗಮನಾರ್ಹವಾದುದು. ಹೆಸರಿನಲ್ಲಿ ಕನ್ನಡದ ಶಬ್ದವೊಂದೂ ಇಲ್ಲದಿರುವದು ವಿಷಾದದ ಸಂಗತಿ. ನಡುರಾತ್ರಿಯಲ್ಲಿ ಕೂಸು ‘ಯವ್ವಾ’ ಎಂದು ಚೀರುವದಕ್ಕಿಂತ ಎದೆ ನಡುಗಿಸುವ ಕೂಗು ಯಾವ ಭಾಷೆಯಲ್ಲಿದೆ? ಅದಿರಲಿ. ಗಂಡನನ್ನು ಕಳೆದುಕೊಂಡ ಗರ್ಭಿಣಿಯೊಬ್ಬಳು ಚಿಕ್ಕ ಮಗಳೊಡನೆ ಗೋವೆಯ ಮನೆಯೊಂದಕ್ಕೆ ಬಂದು ನೆಲೆಸುವಳು. ಆ ಮನೆಯಲ್ಲಿ ಪ್ರೇತಬಾಧೆಯಿದೆ. ಕಥೆಯ ಹಂದರ ಇಷ್ಟೇ. ಶ್ರೀಮತಿ ಪ್ರಿಯಾಂಕಾ ಉಪೇಂದ್ರ ಇವರು ತಾಯಿಯ ಪಾತ್ರವನ್ನೂ, ಯುವಿನಾ ಪಾರ್ಥವಿ ಎಂಬ ಬಾಲಿಕೆಯು ಮಗಳ ಪಾತ್ರವನ್ನೂ ವಹಿಸಿರುವರು. ನಾಯಕನ ಭುಜಬಲದ ಮೇಲೆಯೇ ಚಿತ್ರದ ಭಾರವನ್ನೆಲ್ಲ ಹೊರಿಸುವ ಉದ್ಯಮದಲ್ಲಿ ಒಬ್ಬ ವಿಧವೆಯ ಬಳಲಿದ ಮುಖವನ್ನು ನಂಬಿ ಕಥೆಯನ್ನು ನಡೆಸಿದ್ದು ಸಣ್ಣ ಸಾಹಸವಲ್ಲ. ಬಸುರಿನ ಆಯಾಸ, ವೈಧವ್ಯದ ಒಂಟಿತನ, ಮಗುವಿನ ಮೇಲಿನ ಕಾತರ, ಈ ಮೂರೂ ಪ್ರೇತವು ಬರುವ ಮೊದಲೇ ಮನೆಯಲ್ಲಿ ತುಂಬಿಕೊಂಡಿರುವವು. ಇದು ಚಿತ್ರದ ನಿಜವಾದ ಬಲ.

ದೋಷವು ಧ್ವನಿಯಲ್ಲಿದೆ. ಸಂಗೀತವನ್ನು ಒದಗಿಸಿದ ಅಜನೀಶ್ ಲೋಕನಾಥ್ ಇವರು ಸಮರ್ಥರೆಂಬುದರಲ್ಲಿ ಸಂಶಯವಿಲ್ಲ. ಆದರೂ ಬೆಚ್ಚಿಸಬೇಕಾದ ಕಡೆಗಳಲ್ಲಿ ವಾದ್ಯಗಳು ಒಮ್ಮೆಲೆ ಮೊರೆಯುವ ರೂಢಿಯನ್ನು ಈ ಚಿತ್ರವೂ ಬಿಟ್ಟಿಲ್ಲ. ಪ್ರಾಚೀನ ಆಲಂಕಾರಿಕರು ತ್ರಾಸವನ್ನು ಸಂಚಾರೀಭಾವಗಳಲ್ಲಿಯೂ ಭಯವನ್ನು ಸ್ಥಾಯೀಭಾವಗಳಲ್ಲಿಯೂ ಇಟ್ಟಿರುವದು ವೃಥಾ ಅಲ್ಲ. ತಟ್ಟನೆ ಬಡಿದ ಸದ್ದಿಗೆ ಮೈ ಜುಮ್ಮೆನ್ನುವದು ತ್ರಾಸ. ಅದು ಬಂದಂತೆಯೇ ಹೋಗುವದು. ಪ್ರೇಕ್ಷಕನು ಮನೆಗೆ ಬಂದು ದೀಪವನ್ನಾರಿಸಲು ಹಿಂಜರಿದರೆ ಮಾತ್ರ ಅದು ಭಯ.

ಈ ಎರಡನೆಯದನ್ನು ಸಾಧಿಸಲು ಎಷ್ಟು ಅಲ್ಪ ಸಾಮಗ್ರಿ ಸಾಕೆಂಬುದಕ್ಕೆ ಅಮೇರಿಕೆಯ ‘ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ’ಯು ಸಾಕ್ಷಿ. ಓರೆನ್ ಪೆಲಿ ಎಂಬವರು ಸ್ಯಾನ್ ಡಿಯಾಗೊ ನಗರದ ತಮ್ಮ ಸ್ವಂತ ಮನೆಯಲ್ಲಿಯೇ ಏಳು ದಿನಗಳಲ್ಲಿ, ಸುಮಾರು 15,000 ಡಾಲರುಗಳ ವೆಚ್ಚದಲ್ಲಿ ಅದನ್ನು ಚಿತ್ರಿಸಿದರು. 2007ರಲ್ಲಿ ಮೊದಲು ಪ್ರದರ್ಶಿತವಾಗಿ 2009ರಲ್ಲಿ ಚಿತ್ರಮಂದಿರಗಳಿಗೆ ಬಂದ ಮೇಲೆ ಅದರ ಜಾಗತಿಕ ಗಳಿಕೆಯು 19 ಕೋಟಿ ಡಾಲರುಗಳನ್ನು ಮೀರಿತು. ಹಣದ ಮಾತು ಇಲ್ಲಿ ಗೌಣ. ಗಂಡುಹೆಣ್ಣು ಮಲಗಿರುವರು; ಮಂಚದೆದುರಿಗೆ ಅಲುಗಾಡದ ಒಂದು ಕ್ಯಾಮರಾ; ಅಂಚಿನಲ್ಲಿ ಸರಿಯುವ ಗಡಿಯಾರದ ಅಂಕಿಗಳು. ಬಾಗಿಲು ಒಂದು ಗೇಣು ಸರಿಯುವದು, ಮತ್ತೆ ನಿಲ್ಲುವದು. ಪ್ರೇಕ್ಷಕನು ಬರಿಯ ಬಾಗಿಲನ್ನೇ ನಿಮಿಷಗಟ್ಟಲೆ ನೋಡುತ್ತ ಕೂಡ್ರುವನು. ಅಂಜಿಸುವ ಕೆಲಸವನ್ನು ಕಾಯುವಿಕೆಯೇ ಮಾಡುವದು. ದೊರೆತ ಚಿತ್ರಸುರುಳಿಯ ಸೋಗಿನ ಇದೇ ತಂತ್ರವನ್ನು ಕೆ. ಎಸ್. ಅಶೋಕ ಇವರ ‘6-5=2’ (2013) ಕನ್ನಡದಲ್ಲಿ ಬಳಸಿತು; ಆದರೆ ಅದರ ಕಥೆಯು ಬೆಟ್ಟ ಹತ್ತಲು ಹೋದ ಗೆಳೆಯರದು, ಮನೆಯದಲ್ಲ.

ಮನೆಯ ವಿಷಯಕ್ಕೆ ಬಂದರೆ ‘ಆಪ್ತಮಿತ್ರ’ವನ್ನು (2004) ನೆನೆಯದೆ ಗತ್ಯಂತರವಿಲ್ಲ. ಅದು ಭಾರಿ ಚಿತ್ರ, ಚಿಕ್ಕ ಬಂಡವಾಳದ್ದಲ್ಲ. ಮಲೆಯಾಳದ ‘ಮಣಿಚ್ಚಿತ್ರತ್ತಾಳ್’ (1993) ಅದರ ಮೂಲ. ಮೂಲದಲ್ಲಿ ಮುಚ್ಚಿದ ಕೋಣೆಯಿರುವದು ಗಂಡನ ಪಿತ್ರಾರ್ಜಿತ ತರವಾಡದಲ್ಲಿ. ಕನ್ನಡದಲ್ಲಾದರೋ ದಂಪತಿಗಳು ಹಳೆಯ ಅರಮನೆಯನ್ನು ಕ್ರಯಕ್ಕೆ ಕೊಳ್ಳುವರು. ಈ ಒಂದು ಬದಲಾವಣೆಯಿಂದ ಕಥೆಯ ರಕ್ತಸಂಬಂಧವೇ ಕಡಿದುಹೋಯಿತು. ಕೊಂಡ ಮನೆಯ ಪ್ರೇತವು ಪರರ ಪ್ರೇತ. ‘ಮಮ್ಮಿ ಸೇವ್ ಮಿ’ಯಲ್ಲಿಯೂ ಹೊಸದಾಗಿ ಬಂದು ಸೇರಿದ, ಅದೂ ಗೋವೆಯ, ಮನೆ. ಕಾಡುವದಕ್ಕೂ ಕಾಡಿಸಿಕೊಳ್ಳುವವರಿಗೂ ನಂಟಿಲ್ಲ. ಆದುದರಿಂದ ಋಣವೂ ಇಲ್ಲ, ಅಪರಾಧವೂ ಇಲ್ಲ. ಉಚ್ಚಾಟನೆಯೊಂದೇ ಉಳಿಯುವ ಉಪಾಯ.

ಮುದುವೊಳಲಿನ ರನ್ನನು, ಎಂದರೆ ಇಂದಿನ ಮುಧೋಳದವನು, ಸಾವಿರ ವರ್ಷಗಳ ಹಿಂದೆಯೇ ಈ ಮರ್ಮವನ್ನರಿತಿದ್ದನು. ಗದಾಯುದ್ಧದ ರಣಭೂಮಿಯಲ್ಲಿ ಮರುಳ್ಗಳು ತಿರುಗಾಡುತ್ತಿವೆ. ಅವುಗಳಿಗೆ ದುರ್ಯೋಧನನು ಬೆದರುವದಿಲ್ಲ. ಅವನ ಎದೆಯೊಡೆಯುವದು ದುಶ್ಶಾಸನನ, ಲಕ್ಷಣಕುಮಾರನ, ಕರ್ಣನ ಹೆಣಗಳ ಮುಂದೆ. ತನ್ನವರು, ತನ್ನಿಂದಲೇ ಸತ್ತವರು.

ಈ ಸೀಮೆಯ ಮನೆಗಳಲ್ಲಿ ಸತ್ತವರು ಹೊರಗಿನವರಲ್ಲ. ಮಹಾಲಯ ಅಮಾವಾಸ್ಯೆಗೆ ಹಿರಿಯರ ಹೆಸರಿನಲ್ಲಿ ಎಡೆ ಹಿಡಿಯದ ಮನೆಗಳು ವಿರಳ. ಅವರು ಬರುವರೆಂದು ನಂಬಿಯೇ ಎಡೆಯಿಡುವದು. ಬಂದರೆ ಅಂಜಬೇಕೆ, ಅಳಬೇಕೆ? ಈ ಪ್ರಶ್ನೆಯನ್ನು ಮೇಲಿನ ಎರಡು ಚಿತ್ರಗಳಲ್ಲೊಂದೂ ಮುಟ್ಟಿಲ್ಲ. ಸಾಮಗ್ರಿಗೇನೂ ಕೊರತೆಯಿಲ್ಲ. ರಬಕವಿ ಬನಹಟ್ಟಿಗಳ ನೇಕಾರರ ಹಳೆಯ ಮನೆಯಲ್ಲಿ, ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವ ಕೈಮಗ್ಗವು ವಾಸದ ಮನೆಯೊಳಗೇ ಇರುವದು. ಮನೆಯವರೆಲ್ಲ ಮಲಗಿದ ಮೇಲೆ ಲಾಳಿ ಒಮ್ಮೆ ಮಾತ್ರ ಆಡಿದ ಸದ್ದನ್ನು ಕೇಳಿಸಬಲ್ಲ ದಿಗ್ದರ್ಶಕನಿಗೆ ಬೇರೆ ವಾದ್ಯಗಳೇಕೆ? ಮತ್ತೆ, 2000ನೆಯ ಇಸವಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆಲಮಟ್ಟಿಯ ಆಣೆಕಟ್ಟಿಗೆ 519.6 ಮೀಟರುಗಳ ಎತ್ತರವನ್ನು ಒಪ್ಪಿದ ಬಳಿಕ ಬೀಳಗಿಯ ಕಡೆಯ ಎಷ್ಟೋ ಹಳ್ಳಿಗಳು ಕೃಷ್ಣೆಯ ಹಿನ್ನೀರಿಗೆ ಸಂದವು. ಅಂಥ ಊರೊಂದರ ಕುಟುಂಬವು ಹಳೆಯ ಮನೆಯ ತಲಬಾಗಿಲನ್ನು ಕಿತ್ತು ತಂದು ಪುನರ್ವಸತಿಯ ಹೊಸ ಗೋಡೆಗೆ ಜೋಡಿಸಿದೆಯೆಂದು ಭಾವಿಸಬಹುದು. ಅಮಾವಾಸ್ಯೆಯ ರಾತ್ರಿ, ಎಡೆ ಹಿಡಿದಾಗಿದೆ. ಮುಳುಗಿದ ಮನೆಯ ಅಜ್ಜಿಯು ಆ ಬಾಗಿಲನ್ನು ಗುರುತು ಹಿಡಿದು ಒಳಗಿನಿಂದ ಬರುವಳೋ, ಹೊರಗಿನಿಂದ ಬಡಿಯುವಳೋ ಎಂಬುದನ್ನು ತೋರಿಸಲು ಒಂದು ಕ್ಯಾಮರಾ ಸಾಕು.