ಒಡೆದ ಗಾಜು ಮತ್ತು ಪೊಲೀಸರ ಲಾಠಿ

ಕಟ್ಟಡದ ಒಂದು ಕಿಟಕಿಯ ಗಾಜು ಒಡೆದಾಗ ಯಾರೂ ಹೊಸದು ಹಾಕಿಸದಿದ್ದರೆ, ಉಳಿದ ಗಾಜುಗಳಿಗೂ ಬೇಗನೆ ಕಲ್ಲು ಬೀಳುತ್ತದೆ. 1982ರ ಮಾರ್ಚ್‌ನಲ್ಲಿ ಅಮೆರಿಕದ ‘ದಿ ಅಟ್ಲಾಂಟಿಕ್’ ಪತ್ರಿಕೆಗೆ ಜೇಮ್ಸ್ ಕ್ಯೂ. ವಿಲ್ಸನ್ ಮತ್ತು ಜಾರ್ಜ್ ಕೆಲ್ಲಿಂಗ್ ಬರೆದ ‘ಬ್ರೋಕನ್ ವಿಂಡೋಸ್’ ಲೇಖನದ ತಿರುಳು ಇದು. ಪೊಲೀಸ್ ವ್ಯವಸ್ಥೆಯನ್ನು ಇಷ್ಟು ಬದಲಿಸಿದ ಪತ್ರಿಕಾ ಬರಹಗಳು ವಿರಳ.

ಲೇಖನದ ದೊಡ್ಡ ಗುಣವೆಂದರೆ ಅದು ಸಾಮಾನ್ಯರ ಭಯಕ್ಕೆ ಬೆಲೆ ಕೊಟ್ಟದ್ದು. ಕುಡುಕರ ಗಲಾಟೆ, ಪಾಳುಬಿದ್ದ ಮನೆ, ಕಸದ ರಾಶಿ ಇವೆಲ್ಲ ಎಫ್‌ಐಆರ್‌ಗೆ ಸಿಗುವುದಿಲ್ಲ. ಆದರೆ ಸಂಜೆಯಾದ ಮೇಲೆ ಜನ ಹೊರಗೆ ಕಾಲಿಡದಂತೆ ಮಾಡುತ್ತವೆ.

ದೋಷವೂ ಅಲ್ಲೇ ಇದೆ. ನ್ಯೂವಾರ್ಕ್ ನಗರದಲ್ಲಿ ಪೊಲೀಸರು ಕಾಲ್ನಡಿಗೆಯಲ್ಲಿ ಗಸ್ತು ತಿರುಗಿದಾಗ ಜನರ ಭಯ ಕಡಿಮೆಯಾಯಿತು, ಅಪರಾಧ ಕಡಿಮೆಯಾಗಲಿಲ್ಲ. ಲೇಖಕರೇ ಇದನ್ನು ಒಪ್ಪುತ್ತಾರೆ. ಆದರೂ ಅವ್ಯವಸ್ಥೆಯೇ ಅಪರಾಧವನ್ನು ಹೆರುತ್ತದೆ ಎಂಬ ತೀರ್ಮಾನಕ್ಕೆ ಜಿಗಿಯುತ್ತಾರೆ.

ಆ ಜಿಗಿತದ ಬೆಲೆ ತೆತ್ತದ್ದು ನ್ಯೂಯಾರ್ಕ್. 1994ರಲ್ಲಿ ಪೊಲೀಸ್ ಕಮಿಷನರ್ ಆದ ವಿಲಿಯಂ ಬ್ರಾಟನ್ ಸಣ್ಣಪುಟ್ಟ ತಪ್ಪುಗಳ ಬೆನ್ನು ಹತ್ತಿದರು. 1990ರಲ್ಲಿ 2,200 ದಾಟಿದ್ದ ಕೊಲೆಗಳು 1998ರ ಹೊತ್ತಿಗೆ 633ಕ್ಕೆ ಇಳಿದವು. ಗೆಲುವಿನ ಕಥೆಯೆಂದು ಇದನ್ನು ಸಾರಲಾಯಿತು. ಆದರೆ ನಿವಾಸಿಗಳನ್ನೇ ಜೊತೆಗಾರರಾಗಿಸಿಕೊಂಡು, ಬಂಧನಗಳನ್ನು ಏರಿಸದೆ ನಡೆದ ಸ್ಯಾನ್ ಡಿಯಾಗೋದಲ್ಲೂ ಅದೇ ದಶಕದಲ್ಲಿ ಕೊಲೆಗಳು ಭಾರೀ ಇಳಿದಿದ್ದವು. ಇತ್ತ ನ್ಯೂಯಾರ್ಕ್‌ನಲ್ಲಿ ತಡೆದು ತಪಾಸಣೆ ಮಾಡುವ ಚಾಳಿ ಬೆಳೆದು, 2011ರಲ್ಲಿ ಸುಮಾರು 6.85 ಲಕ್ಷ ಬಾರಿ ಜನರನ್ನು ನಿಲ್ಲಿಸಲಾಯಿತು. ಅವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೋ ಜನ. ಬಹುಪಾಲು ಮಂದಿ ಯಾವ ತಪ್ಪನ್ನೂ ಮಾಡಿರಲಿಲ್ಲ. 2013ರಲ್ಲಿ ಫೆಡರಲ್ ನ್ಯಾಯಾಲಯ, ಈ ಪದ್ಧತಿ ನಡೆದ ರೀತಿ ಸಂವಿಧಾನಬಾಹಿರ ಎಂದಿತು. ತಪಾಸಣೆ ಕುಸಿದ ಮೇಲೂ ಕೊಲೆಗಳು ಇಳಿಯುತ್ತ ಹೋಗಿ, 2017ರಲ್ಲಿ 300ರ ಒಳಗೆ ಬಂದವು.

ಹಾಗಾದರೆ ನೆರೆಹೊರೆಯ ಸ್ಥಿತಿ ಲೆಕ್ಕಕ್ಕಿಲ್ಲವೇ? ಖಂಡಿತ ಇದೆ. ಷಿಕಾಗೋದ 343 ನೆರೆಹೊರೆಗಳನ್ನು ಅಧ್ಯಯನ ಮಾಡಿದ ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು, ಪರಸ್ಪರ ನಂಬಿಕೆಯಿದ್ದು ಬೀದಿಯ ಮಕ್ಕಳನ್ನು ತಮ್ಮವರೆಂದು ಗದರಬಲ್ಲ ಜನರಿರುವಲ್ಲಿ ಹಿಂಸೆ ಕಡಿಮೆ ಎಂದು 1997ರಲ್ಲಿ ತೋರಿಸಿದರು. ಫಿಲಡೆಲ್ಫಿಯಾದ ಪ್ರಯೋಗ ಇನ್ನೂ ಸ್ಪಷ್ಟ. ಅಲ್ಲಿ 541 ಪಾಳು ನಿವೇಶನಗಳನ್ನು ಆಯ್ದು, ಕೆಲವನ್ನು ಹಾಗೇ ಬಿಟ್ಟು, ಉಳಿದವುಗಳ ಕಸ ತೆಗೆದು, ಅವುಗಳಲ್ಲಿ ಹಲವು ಕಡೆ ಹುಲ್ಲು ಬೆಳೆಸಿ ಗಿಡ ನೆಟ್ಟರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕಡುಬಡವರ ಪ್ರದೇಶಗಳಲ್ಲಿ ಬಂದೂಕಿನ ಹಿಂಸೆ ಶೇ 29ರಷ್ಟು ಇಳಿಯಿತು.

ವಿಲ್ಸನ್ ಮತ್ತು ಕೆಲ್ಲಿಂಗ್ ರೋಗವನ್ನು ಸರಿಯಾಗಿ ಮುಟ್ಟಿ ನೋಡಿದರು. ಮದ್ದನ್ನು ಮಾತ್ರ ಠಾಣೆಯಲ್ಲಿ ಹುಡುಕಿದರು. ಫಿಲಡೆಲ್ಫಿಯಾದವರು ಗಿಡ ನೆಟ್ಟ ನಿವೇಶನಗಳ ಸುತ್ತ ಮರದ ಗಿಡ್ಡ ಬೇಲಿ ಹಾಕಿದರು, ಓಣಿಯ ಜನ ಒಳಗೆ ಬರಲೆಂದು ನಡುವೆ ದಾರಿಯನ್ನೂ ಬಿಟ್ಟರು.