ಶಕುನಿಯ ನಗೆ ಯಾರ ಗಂಟಲಲ್ಲಿದೆ?

ಹಡಗಲಿ ತಾಲ್ಲೂಕಿನ ಇಟ್ಟಿಗಿಯ ಕಡೆ ನಾಟಕದ ಪಾರ್ಟು ಹಂಚುವ ರಾತ್ರಿಗೆ ಇರುವ ರುಚಿ ನಾಟಕದ ರಾತ್ರಿಗೂ ಇಲ್ಲ ಎಂದೇ ನಾನು ನಂಬಿದ್ದೇನೆ. ಸುಗ್ಗಿ ಮುಗಿದಿರುತ್ತದೆ, ಜಾತ್ರೆಗೆ ಇನ್ನೂ ದಿನವಿರುತ್ತದೆ. ಗುಡಿಯ ಕಟ್ಟೆಯ ಮೇಲೋ ಶಾಲೆಯ ಪಡಸಾಲೆಯಲ್ಲೋ ಜಮಖಾನ ಹಾಸಿ, ಪೇಟಿ ಮುಂದಿಟ್ಟುಕೊಂಡು ಮಾಸ್ತರು ಕೂರುತ್ತಾರೆ. ಬಾಗಿಲು ಮುಚ್ಚಿದ ಕೋಣೆಯ ಪರೀಕ್ಷೆ ಇದಲ್ಲ. ಪಾರ್ಟು ಬೇಕೆನ್ನುವವರು ಹತ್ತು ಮಂದಿಯಾದರೆ ನೋಡಲು ಬಂದವರು ಅರ್ಧ ಊರು. ಹಿಂದೊಮ್ಮೆ ಅದೇ ಪಾರ್ಟು ಮಾಡಿದ ಹಿರಿಯರು ಕಂಬಕ್ಕೆ ಒರಗಿ ಕುಳಿತು, ಹುಡುಗ ಬಾಯಿ ತೆರೆಯುವ ಮೊದಲೇ ಮಾತನ್ನು ತುಟಿಯಲ್ಲೇ ಆಡಿ ಮುಗಿಸಿರುತ್ತಾರೆ. ಒಂದೇ ಮಾತು ಹತ್ತು ಗಂಟಲುಗಳಿಂದ ಹತ್ತು ಬಗೆಯಲ್ಲಿ ಬರುವುದನ್ನು ಕೂತಲ್ಲೇ ಕೇಳುವ ಭಾಗ್ಯ ಆಡಿದ ನಾಟಕದಲ್ಲಿ ಎಲ್ಲಿ ಸಿಗಬೇಕು?

ಈ ಸೀಮೆಯ ಹಳ್ಳಿಗಳು ಮತ್ತೆ ಮತ್ತೆ ಎತ್ತಿಕೊಳ್ಳುವ ನಾಟಕ ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’. ವಿಜಯಪುರದ ರಂಗಮಂದಿರಕ್ಕೆ ಅವರ ಹೆಸರಿದೆ, ಅದು ಸರಿಯೇ. ಆದರೆ ಅವರ ಮಾತುಗಳು ಬದುಕಿರುವುದು ಇಂಥ ಕಟ್ಟೆಗಳ ಮೇಲೆ. ಹದಿನೆಂಟು ದಿನದ ಯುದ್ಧ ಮುಗಿದ ಮೇಲೆ ಅಶ್ವತ್ಥಾಮ ಪಾಂಡವರ ಮಕ್ಕಳನ್ನು ನಿದ್ದೆಯಲ್ಲೇ ಕೊಲ್ಲುವ ಕಥೆ ಅದು. ಇಷ್ಟು ಕತ್ತಲೆಯ ನಾಟಕದಲ್ಲಿ ಎಲ್ಲರ ಕಣ್ಣಿರುವುದು ಶಕುನಿಯ ಪಾರ್ಟಿನ ಮೇಲೆ. ಭೀಮನಿಗೆ ಮೈ ಬೇಕು, ಕೃಷ್ಣನಿಗೆ ಕಂಠ ಬೇಕು. ಶಕುನಿಗೆ ಬೇಕಾದದ್ದು ನಗು.

ಆ ನಗುವಿನ ಬೇರು ಎಲ್ಲಿದೆ ಎಂದು ಇಲ್ಲಿ ಎಲ್ಲರಿಗೂ ಗೊತ್ತು. ವ್ಯಾಸರ ಭಾರತದಲ್ಲಿಲ್ಲದ, ಆದರೆ ಜನ ಮನಸಾರೆ ನಂಬಿದ ಕಥೆಯೊಂದಿದೆ. ಗಾಂಧಾರದ ಅರಸನನ್ನೂ ಅವನ ಮಕ್ಕಳನ್ನೂ ಸೆರೆಯಲ್ಲಿಟ್ಟು ತಲೆಗೊಂದು ಅಗುಳಿನಂತೆ ಅನ್ನ ಕೊಟ್ಟರಂತೆ. ಎಲ್ಲರೂ ತಮ್ಮ ಅಗುಳನ್ನು ಶಕುನಿಗೆ ಉಣಿಸಿ ಸತ್ತರಂತೆ. ಅಪ್ಪನ ಎಲುಬಿನಿಂದ ಅವನು ದಾಳ ಮಾಡಿಕೊಂಡನಂತೆ. ಆಮೇಲೆ ಅವನು ಕೌರವರ ಸಭೆಯಲ್ಲಿ ದಾಳ ಉರುಳಿಸಿ ನಗುವಾಗ ಕೈಯಲ್ಲಿರುವುದು ಅಪ್ಪ. ಇದಕ್ಕಿಂತ ಕರಾಳವಾದ ಹಾಸ್ಯವನ್ನು ಯಾವ ದೇಶದ ನಾಟಕಕಾರ ಬರೆದಾನು?

ಅದಕ್ಕೇ ಆ ಪಾರ್ಟಿಗೆ ಆರಿಸುವುದು ಕಷ್ಟ. ಬಂದ ಹುಡುಗರೆಲ್ಲ ಮೊದಲು ಮಾಡುವುದು ಅಟ್ಟಹಾಸ. ಕಟ್ಟೆ ನಡುಗುವ ಹಾಗೆ ನಗುತ್ತಾರೆ. ಕಾಲರ್ ಮೈಕು ಬಂದ ಮೇಲಂತೂ ಈ ಚಾಳಿ ಹೆಚ್ಚಿದೆ, ನನಗೆ ಅದು ಸೇರುವುದಿಲ್ಲ. ಒಳ್ಳೆಯ ಮಾಸ್ತರು ಆ ನಗುವನ್ನು ಅರ್ಧ ಕಿವಿಯಲ್ಲಿ ಕೇಳುತ್ತಾ ಪೇಟಿಯ ಮೇಲೆ ಬೆರಳಾಡಿಸುತ್ತಿರುತ್ತಾರೆ. ನಗು ನಿಲ್ಲುವ ಗಳಿಗೆಗೆ ತಲೆ ಎತ್ತುತ್ತಾರೆ. “ನಗಾದು ಎಲ್ಲಾರಿಗೂ ಬರ್ತೈತಿ ತಮ್ಮಾ, ನಿಲ್ಸಾದು ಬರ್ತೈತೇನು ನೋಡು” ಎಂದು ಒಬ್ಬ ಮಾಸ್ತರು ಹೇಳಿದ್ದನ್ನು ನಾನು ಕೇಳಿದ್ದೇನೆ. ನಗು ತಟ್ಟನೆ ನಿಂತಾಗ ಕಣ್ಣಲ್ಲಿ ಏನು ಉಳಿಯುತ್ತದೆ? ಬರೀ ಖಾಲಿ ಉಳಿದರೆ ಅವನು ಬೇರೆ ಪಾರ್ಟಿಗೆ ಹೋಗಬೇಕು. ಆ ಸೆರೆಮನೆ ಉಳಿದರೆ ಅವನೇ ಶಕುನಿ.

ಭರತಮುನಿ ‘ನಾಟ್ಯಶಾಸ್ತ್ರ’ದಲ್ಲಿ ನಗುವನ್ನು ಆರು ಬಗೆ ಮಾಡಿದ್ದಾನೆ. ಸ್ಮಿತ, ಹಸಿತ ಉತ್ತಮರವು; ವಿಹಸಿತ, ಉಪಹಸಿತ ಮಧ್ಯಮರವು; ಅಪಹಸಿತ, ಅತಿಹಸಿತ ಅಧಮರವು. ನುರಿತ ಶಕುನಿ ಒಂದೇ ಪ್ರವೇಶದಲ್ಲಿ ಈ ಆರನ್ನೂ ಹತ್ತಿ ಇಳಿಯುತ್ತಾನೆ. ಒಡಹುಟ್ಟಿದ ಗಾಂಧಾರಿಯ ಎದುರು ಹಲ್ಲು ಕಾಣದ ಸ್ಮಿತ, ಅಳಿಯನ ಬೆನ್ನ ಹಿಂದೆ ಉಪಹಸಿತ, ಒಬ್ಬನೇ ಉಳಿದಾಗ ಕಣ್ಣೀರು ಬರುವಷ್ಟು ಅತಿಹಸಿತ. ಆ ಕಣ್ಣೀರು ನಗುವಿನದೋ ಅಳುವಿನದೋ ಹೇಳಲಾಗದ ಜಾಗದಲ್ಲಿ ನನಗೆ ಮೈ ಜುಮ್ಮೆನ್ನುತ್ತದೆ. ‘ಸಾಹಿತ್ಯದರ್ಪಣ’ದ ವಿಶ್ವನಾಥ ಹಾಸ್ಯಕ್ಕೆ ಭಯಾನಕ, ಕರುಣಗಳೆರಡೂ ವಿರೋಧಿ ಎಂದು ಬರೆದಿಟ್ಟ. ನಮ್ಮ ಶಕುನಿ ಆ ಮೂರನ್ನೂ ಒಂದೇ ಗಂಟಲಲ್ಲಿ ಕೂಡಿಸಿಕೊಂಡು ಬರುತ್ತಾನೆ.

ಈ ಜಾಣತನ ಹಳ್ಳಿಗೆ ಕಂಪನಿ ನಾಟಕದಿಂದಷ್ಟೇ ಬಂದದ್ದಲ್ಲ. ಬಳ್ಳಾರಿ ಸೀಮೆಯ ಬಯಲಾಟದಲ್ಲಿ ಸಾರಥಿ ಇದ್ದಾನೆ. ಕಿರೀಟ, ಭುಜಕೀರ್ತಿ ಹೊತ್ತು ಕುಣಿಯುತ್ತಾ ಬಂದ ಅರಸನನ್ನು ‘ತಾವು ಯಾರು’ ಎಂದು ಕೇಳುವ ಹಕ್ಕು ಅವನದು. ಕೊಲ್ಲಲು ಹೊರಟವನನ್ನೂ ಸಾಯಲು ಹೊರಟವನನ್ನೂ ಒಂದೇ ಸಲಿಗೆಯಲ್ಲಿ ಮಾತಾಡಿಸುತ್ತಾನೆ. ಆ ಸಲಿಗೆಯನ್ನು ಕೇಳುತ್ತಾ ಬೆಳೆದ ಕಿವಿಗೆ ಕರಾಳ ಹಾಸ್ಯ ಹೊಸತಲ್ಲ.

ಹೆಣ್ಣು ಪಾರ್ಟುಗಳ ಲೆಕ್ಕವೇ ಬೇರೆ. ಅವಕ್ಕೆ ಮರಿಯಮ್ಮನಹಳ್ಳಿ, ಬಳ್ಳಾರಿಯ ಕಡೆಯಿಂದ ವೃತ್ತಿ ಕಲಾವಿದೆಯರು ಬರುತ್ತಾರೆ. ಬಳ್ಳಾರಿಯ ಸುಭದ್ರಮ್ಮ ಮನ್ಸೂರರಂಥವರು ಬೆಳೆಸಿದ ಪರಂಪರೆ ಅದು. ಅವರನ್ನು ಯಾರೂ ಪರೀಕ್ಷಿಸುವುದಿಲ್ಲ, ಇಡೀ ನಾಟಕ ಅವರ ನಾಲಿಗೆಯಲ್ಲಿರುತ್ತದೆ. ತಿಂಗಳುಗಟ್ಟಲೆ ತಾಲೀಮು ಮಾಡಿದ ನಮ್ಮ ಗಂಡಸರಿಗೇ ಪರೀಕ್ಷೆ. ಮಕ್ಕಳ ಹೆಣಗಳ ಮುಂದೆ ದ್ರೌಪದಿ ದನಿ ತೆಗೆದಾಗ ಸಭೆ ಅಲ್ಲಾಡದೆ ಕೂರುತ್ತದೆ. ಆ ಅಳುವಿನ ನಡುವೆಯೂ ಶಕುನಿಯ ನಗು ಕಿವಿಯಲ್ಲಿ ಉಳಿದಿದ್ದರೆ, ಪಾರ್ಟು ಸರಿಯಾದವನಿಗೇ ಹೋಗಿದೆ ಎಂದು ತಿಳಿಯಬೇಕು.

ಪೌರಾಣಿಕವಲ್ಲದ ನಾಟಕಕ್ಕೂ ಈ ತಾಲ್ಲೂಕು ಮನೆಯೇ. ಹಡಗಲಿಯಲ್ಲಿ ಎಂ.ಪಿ. ಪ್ರಕಾಶರು ‘ರಂಗಭಾರತಿ’ ಕಟ್ಟಿ ಹವ್ಯಾಸಿ ರಂಗಭೂಮಿಗೆ ನೆಲೆ ಕೊಟ್ಟರು. ಮಂತ್ರಿ ಪದವಿ ಬಂದ ಮೇಲೂ ನಾಟಕದ ನಂಟು ಬಿಡದ ಅಪರೂಪದ ಮನುಷ್ಯ. ಮಠವೊಂದರ ಒಳಗನ್ನು ನಗುತ್ತಲೇ ಬಯಲಿಗಿಟ್ಟ ಜಡಭರತರ ‘ಸತ್ತವರ ನೆರಳು’ ಇದೆಯಲ್ಲ, ಬಿ.ವಿ. ಕಾರಂತರು ಪುರಂದರದಾಸರ ಪದಗಳನ್ನು ಹೊಸೆದು ಆಡಿಸಿದ್ದು, ಅದನ್ನು ಮಠಗಳ ನೆರಳಲ್ಲೇ ಬಾಳುವ ನಮ್ಮ ಊರುಗಳ ಹುಡುಗರು ಓದಿ ಪಾರ್ಟು ಹಂಚಿಕೊಳ್ಳುವುದನ್ನು ನೋಡಬೇಕೆಂಬ ಆಸೆ ನನಗೆ.

ಇನ್ನೊಂದು ಆಸೆ ಇದಕ್ಕೂ ದೊಡ್ಡದು. ಚಂಪಾ, ಎಂದರೆ ಚಂದ್ರಶೇಖರ ಪಾಟೀಲರು, ‘ಕೊಡೆಗಳು’, ‘ಅಪ್ಪ’ಗಳಂಥ ಅಸಂಗತ ನಾಟಕಗಳ ಸಾಲಿನಲ್ಲಿ ‘ಕುಂಟಾ ಕುಂಟಾ ಕುರವತ್ತಿ’ ಬರೆದರು. ಹೆಸರಲ್ಲೇ ಕುರವತ್ತಿ. ಮಲ್ಲಿಕಾರ್ಜುನನ ಗುಡಿ, ಅದರ ಮದನಿಕೆಯರು ಇರುವ ಕುರುವತ್ತಿ ಇದೇ ಹಡಗಲಿ ತಾಲ್ಲೂಕಿನ ತುಂಗಭದ್ರೆಯ ದಡದ ಊರು. ಆ ನಾಟಕಕ್ಕೆ ಪಾರ್ಟು ಹಂಚುವ ರಾತ್ರಿ ಹೇಗಿದ್ದೀತು! ಕಂದ ಹಾಡುವ ಕಂಠ ಬೇಡ, ಗದೆ ಎತ್ತುವ ತೋಳು ಬೇಡ. ಸಪ್ಪೆ ಮಾತನ್ನು ಸಪ್ಪೆಯಾಗಿಯೇ ಆಡಿ, ಎದುರಿನವನ ಉತ್ತರಕ್ಕೆ ಕಾಯುವ ತಾಳ್ಮೆ ಸಾಕು. ದನಿ ಇಲ್ಲವೆಂದು ವರ್ಷಾನುಗಟ್ಟಲೆ ಪರದೆ ಎಳೆಯಲು ನಿಂತ ಹುಡುಗ ಪ್ರತಿ ಊರಲ್ಲೂ ಒಬ್ಬನಿದ್ದಾನೆ. ಎಲ್ಲರ ಮಾತೂ ಅವನಿಗೆ ಬಾಯಿಪಾಠ, ಯಾರು ಎಲ್ಲಿ ತಪ್ಪುತ್ತಾರೆಂದು ಅವನಿಗೆ ಮೊದಲೇ ತಿಳಿದಿರುತ್ತದೆ. ಮಾಸ್ತರು ಮೊದಲು ಅವನನ್ನು ಕರೆಯಲಿ.