ನೂರೈವತ್ತು ಕಂಡಾಗ

ಭಾಲ್ಕಿ ತಾಲ್ಲೂಕಿನ ಸಾಯಗಾಂವ ಕಡೆಯವರು ದವಾಖಾನೆಗೆ ಬಂದರೆ ಹೃದಯದ ಲಯ ತಪ್ಪಿದೆ ಎನ್ನುವುದಿಲ್ಲ. "ಎದಿ ಧಡಧಡ ಅಂತದ್ರಿ, ಜೀವ ಗಾಬರಿ ಆಗ್ಲತದ" ಎನ್ನುತ್ತಾರೆ. ಇಸಿಜಿ ತೆಗೆದರೆ ಕಾಗದದ ನೆತ್ತಿಯ ಮೇಲೆ ಯಂತ್ರವೇ ತೀರ್ಪು ಅಚ್ಚು ಮಾಡಿರುತ್ತದೆ: ಸೈನಸ್ ಟ್ಯಾಕಿಕಾರ್ಡಿಯಾ, ನಿಮಿಷಕ್ಕೆ 150. ಅಂದರೆ ಬಡಿತ ಜೋರು, ಲಯ ಸರಿ. ಅದಕ್ಕೆ ಜ್ವರವೋ ರಕ್ತಹೀನತೆಯೋ ಹೆದರಿಕೆಯೋ ಯಾವುದೋ ಒಂದು ಕಾರಣ ಸಿಕ್ಕಿಬಿಡುತ್ತದೆ. ಕಾಗದ ಫೈಲು ಸೇರುತ್ತದೆ. ಮೇಲಿನ ಸಾಲನ್ನಷ್ಟೇ ಓದಿ ಗೆರೆಯನ್ನು ಬಿಡುವ ಈ ರೂಢಿಯನ್ನು ನಾನು ಒಪ್ಪಲಾರೆ.

ಆ 150ರ ಹಿಂದೆ ಏಟ್ರಿಯಲ್ ಫ್ಲಟರ್ ಅಡಗಿರಬಹುದು. ಹೃದಯದ ಮೇಲಿನ ಕೋಣೆಯಲ್ಲಿ ವಿದ್ಯುತ್ ಅಲೆ ಗಾಣದೆತ್ತಿನಂತೆ ಸುತ್ತುತ್ತ ನಿಮಿಷಕ್ಕೆ ಸುಮಾರು 300 ಸಲ ಮಿಡಿಯುತ್ತದೆ. ನಡುವಿನ ಎ.ವಿ. ನೋಡ್ ಎರಡರಲ್ಲಿ ಒಂದನ್ನು ಮಾತ್ರ ಕೆಳಗೆ ಬಿಡುತ್ತದೆ. ಉಳಿಯುವುದು 150. ಸೆಕೆಂಡಿಗೆ 25 ಮಿಲಿಮೀಟರು ಓಡುವ ಕಾಗದದಲ್ಲಿ ಆಗ ಎರಡು ಆರ್ ಮೊನೆಗಳ ನಡುವೆ ಎರಡೇ ದೊಡ್ಡ ಚೌಕ. ಫ್ಲಟರ್ ಅಲೆ ಮಾತ್ರ ಒಂದೊಂದು ಚೌಕಕ್ಕೂ ಬರುತ್ತದೆ. ಒಂದು ಕ್ಯೂಆರ್‌ಎಸ್‌ನಲ್ಲಿ ಮುಳುಗುತ್ತದೆ, ಇನ್ನೊಂದು ಟಿ ಅಲೆಯೊಳಗೆ ಬೆರೆತು ಪಿ ಅಲೆಯ ವೇಷ ಹಾಕುತ್ತದೆ. ಯಂತ್ರ ಮೋಸಹೋಗುವುದು ಅಲ್ಲಿಯೇ. ನಾಡಿ ಹಿಡಿದರೂ ತಿಳಿಯದು, ಬಡಿತ ಒಂದೇ ಸಮ ಇರುತ್ತದಲ್ಲ! ಎರಡನೇ ಲೀಡಿನಲ್ಲಿ ಗೆರೆ ಗರಗಸದ ಹಲ್ಲಿನಂತೆ ಕಂಡರೆ ಅನುಮಾನ ಗಟ್ಟಿ.

ನಮ್ಮ ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ದೊಡ್ಡ ಕೆಲಸ ಮಾಡುತ್ತಿದೆ. ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ, ಹೃದಯಾಘಾತವಾಗಿದ್ದರೆ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಪುಕ್ಕಟೆ ಸಿಗುತ್ತದೆ. ಗಡಿಯ ಹಳ್ಳಿಗಳಿಗೆ ಇದರ ಬೆಲೆ ಎಷ್ಟೆಂದು ಇಲ್ಲಿನವರಿಗೆ ಗೊತ್ತು. ಆದರೆ ಅದರ ಮೊದಲ ಪ್ರಶ್ನೆ ಒಂದೇ: ರಕ್ತನಾಳ ಕಟ್ಟಿದೆಯೇ? ಲಯದ ಪ್ರಶ್ನೆಯನ್ನು ಹಾಸಿಗೆಯ ಪಕ್ಕದಲ್ಲಿ ನಿಂತವರೇ ಕೇಳಬೇಕು. ಫ್ಲಟರ್ ಹಾಗೆಯೇ ಉಳಿದರೆ ಮೇಲಿನ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಬಹುದು. ಆಮೇಲೆ ಮನೆಯವರು ಲಕ್ವಾ ಹೊಡೀತು ಎನ್ನುತ್ತಾರೆ. ಎದೆ ಧಡಧಡ ಅಂದದ್ದನ್ನು ಆ ಹೊತ್ತಿಗೆ ಯಾರು ನೆನೆಯುತ್ತಾರೆ?

ಗುರುತಿಸಲು ಹೊಸ ಯಂತ್ರ ಬೇಡ. ಎಪ್ಪತ್ತು ದಾಟಿದ ಮುತ್ಯಾ ಸುಮ್ಮನೆ ಮಲಗಿರುವಾಗ ಸಹಜ ಬಡಿತ ಹುಟ್ಟಿಸುವ ಸೈನಸ್ ನೋಡ್ 150 ಮುಟ್ಟುವುದು ತೀರ ಅಪರೂಪ. ಜ್ವರದ ಬಡಿತವಾದರೆ ಜ್ವರದ ಜೊತೆಗೇ ಇಳಿಯುತ್ತದೆ. ಫ್ಲಟರ್ ಗಂಟೆ ಕಳೆದರೂ 150ರ ಆಸುಪಾಸಿನಲ್ಲೇ ಕೂತಿರುತ್ತದೆ. ಮಾಮೂಲು ಇಸಿಜಿ ಹಿಡಿಯುವುದು ಹತ್ತು ಸೆಕೆಂಡಿನ ಹೃದಯವನ್ನು ಮಾತ್ರ, ಅದೂ ಒಂದೇ ಸಲ.

ದವಾಖಾನೆಯ ಡಾಕ್ಟರು, ಸಿಸ್ಟರು, ಟೆಕ್ನಿಶಿಯನ್ ಎಲ್ಲರಲ್ಲೂ ಒಂದು ಕೋರಿಕೆ. 150 ಕಂಡರೆ ಮೇಲಿನ ಅಚ್ಚಿನ ಸಾಲನ್ನು ಬೆರಳಿನಿಂದ ಮುಚ್ಚಿ, ಎರಡನೇ ಲೀಡಿನ ಉದ್ದದ ಪಟ್ಟಿ ತೆಗೆಯಿರಿ, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ತೆಗೆಯಿರಿ. ಅಂಕಿ ಅಲುಗಾಡದಿದ್ದರೆ ಎರಡೂ ಕಾಗದಗಳನ್ನು ಹೃದ್ರೋಗ ತಜ್ಞರಿಗೆ ಕಳಿಸಿ, ಇದು ಫ್ಲಟರೇ ಎಂದು ನೇರವಾಗಿ ಕೇಳಿ.